ಊರಿನ ಆಸ್ತಿ, ಪರವೂರಿನ ನೋಟರಿ



"ಕಾಗದ ಕಳಿಸಿದ್ದೇನೆ, ಅಲ್ಲೇ ಯಾರಾದ್ರೂ ನೋಟರಿ ಹತ್ರ ಮಾಡಿಸಿ ಕೊರಿಯರ್ ಮಾಡಿಬಿಡು, ನೀನು ಬರೋದೇನೂ ಬೇಡ" ಎಂದು ಊರಿನಿಂದ ಅಣ್ಣನೋ ಚಿಕ್ಕಪ್ಪನೋ ಫೋನ್ ಮಾಡುವುದು ನಮ್ಮ ಕೇಳುಗರಲ್ಲಿ ಬಹಳ ಜನಕ್ಕೆ ಹೊಸದಲ್ಲ. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ನೌಕರಿ, ಊರಿನಲ್ಲಿ ನಾಲ್ಕು ಎಕರೆ ಹೊಲ ಇಲ್ಲವೇ ಅರ್ಧ ಮನೆ, ಅದೃಷ್ಟವಿದ್ದರೆ ಬೆಂಗಳೂರಿನಲ್ಲಿ ಒಂದು ಸೈಟು. ಇಂಥವರ ಪಾಲಿಗೆ ನೋಟರಿ ಎಂದರೆ ರಜೆಯನ್ನೂ ರೈಲಿನ ಖರ್ಚನ್ನೂ ಉಳಿಸುವ ಪುಣ್ಯಾತ್ಮ. ಅರ್ಧ ಗಂಟೆಯ ಕೆಲಸ. ಒಂದು ಸಹಿ, ಒಂದು ಮೊಹರು, ಮುಗಿಯಿತು.

ನಿಜವಾಗಿ ಮುಗಿಯಿತೇ? ಕೆಲವು ಕಾಗದಗಳಿಗೆ ಹೌದು, ನೋಟರಿಯ ಮೇಜಿನ ಮೇಲೇ ಕೆಲಸ ಮುಗಿಯುತ್ತದೆ. ಇನ್ನು ಕೆಲವು ಕಾಗದಗಳಿಗೆ ಆ ಮೊಹರು ಬಿದ್ದರೂ ಒಂದೇ, ಬೀಳದಿದ್ದರೂ ಒಂದೇ. ಈ ವ್ಯತ್ಯಾಸ ತಿಳಿಯದೆ ತಮ್ಮ ಪಾಲು ಕಳೆದುಕೊಂಡವರೂ ಇದ್ದಾರೆ, ತಮ್ಮದಾಗದ ಸೈಟಿಗೆ ಜೀವಮಾನದ ಉಳಿತಾಯ ಸುರಿದವರೂ ಇದ್ದಾರೆ. ಹಾಗಾಗಿ ಈ ಬಾರಿ ನಮ್ಮ ಪುಟದಲ್ಲಿ ನೋಟರಿಯ ವಿಷಯ.

ನೋಟರಿ ಅಂದರೆ ಯಾರು?

ನೋಟರಿ ಎಂದರೆ ಸರಕಾರ ನೇಮಿಸಿದ ವಕೀಲರು. 1952ರ ನೋಟರಿ ಕಾಯ್ದೆ ಮತ್ತು 1956ರ ನಿಯಮಗಳ ಪ್ರಕಾರ ಕೇಂದ್ರ ಸರಕಾರವೂ ನೇಮಿಸಬಹುದು, ರಾಜ್ಯ ಸರಕಾರವೂ ನೇಮಿಸಬಹುದು. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡಿರಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಮತ್ತು ಹಿಂದುಳಿದ ವರ್ಗದವರಿಗೆ ಏಳು ವರ್ಷ ಸಾಕು. ಪ್ರತಿಯೊಬ್ಬ ನೋಟರಿಗೂ ಇಂಥ ಪ್ರದೇಶ ಎಂದು ಗೊತ್ತುಮಾಡಿರುತ್ತಾರೆ. ಪುಣೆಗೆಂದು ನೇಮಕವಾದವರು ಹುಬ್ಬಳ್ಳಿಗೆ ಬಂದು ಮೊಹರು ಒತ್ತುವಂತಿಲ್ಲ. ಆದರೆ ಪುಣೆಯಲ್ಲಿ ಒತ್ತಿದ ಮೊಹರನ್ನು ಹುಬ್ಬಳ್ಳಿಯ ಕಚೇರಿಯಲ್ಲಿ ತೋರಿಸಬಹುದು. "ಕರ್ನಾಟಕದ ನೋಟರಿಯೇ ಬೇಕು" ಎಂದು ಯಾರಾದರೂ ಹೇಳಿದರೆ, ಯಾವ ನಿಯಮದಲ್ಲಿದೆ ಎಂದು ವಿನಯದಿಂದಲೇ ಕೇಳಿ.

ನೋಟರಿ ಮಾಡುವುದೇನು? ಮುಖ್ಯವಾಗಿ ಒಂದೇ ಕೆಲಸ. ಈ ಮನುಷ್ಯ ಇಂಥವನೇ, ಈ ದಿನ ನನ್ನ ಎದುರು ಈ ಕಾಗದಕ್ಕೆ ಸಹಿ ಹಾಕಿದ, ಎಂದು ಹೇಳುವುದು. ಪ್ರಮಾಣವಚನ ಬೋಧಿಸಿ ಅಫಿಡವಿಟ್ ಪಡೆಯುವುದು, ಮೂಲ ದಾಖಲೆ ನೋಡಿ ನಕಲು ಸರಿಯಿದೆ ಎಂದು ದೃಢೀಕರಿಸುವುದು, ಒಂದು ಭಾಷೆಯ ದಾಖಲೆಯನ್ನು ಇನ್ನೊಂದಕ್ಕೆ ಅನುವಾದಿಸುವುದು, ಅನುವಾದವನ್ನು ತಾಳೆ ನೋಡುವುದು ಇವೂ ಸೇರುತ್ತವೆ. ಕನ್ನಡದ ಪಹಣಿಯನ್ನು ಮುಂಬಯಿಯ ಬ್ಯಾಂಕಿನವರಿಗೆ ತೋರಿಸಬೇಕಾಗಿ ಬಂದಾಗ ಈ ಕೊನೆಯದು ಎಷ್ಟು ಉಪಯೋಗ ಎಂದು ಅನುಭವಿಸಿದವರಿಗೆ ಗೊತ್ತು.

ಗಮನಿಸಿ: ಕಾಗದದೊಳಗೆ ಬರೆದದ್ದು ಸತ್ಯ ಎಂದು ನೋಟರಿ ಹೇಳುತ್ತಿಲ್ಲ. "ಸರ್ವೆ ನಂಬರ್ ಇಷ್ಟರ ಜಮೀನು ನನ್ನದು" ಎಂದು ನೀವು ಬರೆದುಕೊಂಡು ಹೋದರೆ, ನೀವು ಹಾಗೆ ಹೇಳಿದಿರಿ ಎಂಬುದಕ್ಕಷ್ಟೇ ಅವರು ಸಾಕ್ಷಿ. ಜಮೀನು ನಿಮ್ಮದೋ ಅಲ್ಲವೋ ಅವರಿಗೆ ಗೊತ್ತಿಲ್ಲ, ಅದನ್ನು ನೋಡುವುದು ಅವರ ಕೆಲಸವೂ ಅಲ್ಲ. ಫ್ರಾನ್ಸ್, ಜರ್ಮನಿಗಳಲ್ಲಿ ನೋಟರಿ ಎಂದರೆ ಬೇರೆಯೇ ದೊಡ್ಡ ಹುದ್ದೆ, ಆಸ್ತಿಯ ಪತ್ರ ಬರೆಯುವುದೇ ಅವರು. ಅಷ್ಟು ದೂರ ಯಾಕೆ, ಕಾರವಾರ ದಾಟಿದರೆ ಸಿಗುವ ಗೋವೆಯಲ್ಲಿ ಪೋರ್ಚುಗೀಸರ ಕಾಲದ ಪದ್ಧತಿ ಮುಂದುವರಿದು 'ಸ್ಪೆಷಲ್ ನೋಟರಿ' ಎಂಬ ಸರಕಾರಿ ಅಧಿಕಾರಿಯೇ ಇದ್ದಾರೆ. ಉಯಿಲು, ವಾರಸುದಾರಿಕೆಯ ಪತ್ರ ಅವರ ಮುಂದೆಯೇ ಆಗುತ್ತವೆ. ನಮ್ಮ ಕೋರ್ಟುಗಳ ಆವರಣದಲ್ಲಿ ಮೇಜು ಹಾಕಿಕೊಂಡು ಕುಳಿತ ನೋಟರಿಯನ್ನು ಅವರೊಂದಿಗೆ ಹೋಲಿಸುವಂತಿಲ್ಲ.

ಹಾಗಾದರೆ ಆಸ್ತಿಯ ಹಕ್ಕು ಕೈ ಬದಲಾಗುವುದು ಎಲ್ಲಿ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಅಂದರೆ ಉಪನೋಂದಣಾಧಿಕಾರಿಗಳ ಮುಂದೆ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ದಾನಪತ್ರ, ನೂರು ರೂಪಾಯಿ ಮೇಲ್ಪಟ್ಟ ಆಸ್ತಿಯ ಕ್ರಯಪತ್ರ, ವಿಭಾಗಪತ್ರ, ಹಕ್ಕು ಖುಲಾಸೆ ಪತ್ರ ಇವೆಲ್ಲ ನೋಂದಣಿಯಾಗಲೇಬೇಕು. ಇಂದಿನ ದಿನ ನೂರು ರೂಪಾಯಿಗೆ ಎಷ್ಟು ಜಾಗ ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ! ಮಾತಿನ ಅರ್ಥ, ಎಲ್ಲವೂ ನೋಂದಣಿಯಾಗಬೇಕು. ನೋಟರಿಯ ಮೊಹರು ಇದಕ್ಕೆ ಬದಲಿ ಅಲ್ಲ.

ಅಧಿಕಾರ ಪತ್ರದ ಸಂಗತಿ

ಪರವೂರಿನವರು ಅತಿ ಹೆಚ್ಚು ಮಾಡಿಸುವುದು ಪವರ್ ಆಫ್ ಅಟಾರ್ನಿ. ಉತ್ತರ ಕರ್ನಾಟಕದ ಹಿರಿಯರು ವಟಮುಖ್ತಿಯಾರ ಪತ್ರ ಎನ್ನುತ್ತಾರೆ, ಮಹಾರಾಷ್ಟ್ರದಲ್ಲಿ ಕುಲಮುಖತ್ಯಾರ ಪತ್ರ, ಬೆಂಗಳೂರಿನವರ ಬಾಯಲ್ಲಿ ಚುಟುಕಾಗಿ ಜಿಪಿಎ. ನಿಮ್ಮ ಪರವಾಗಿ ಇನ್ನೊಬ್ಬರು ಕೆಲಸ ಮಾಡಲು ನೀವು ಕೊಡುವ ಅಧಿಕಾರ. ಕಂದಾಯ ಕಟ್ಟುವುದು, ಬಾಡಿಗೆ ವಸೂಲಿ, ತಾಲೂಕು ಕಚೇರಿಗೆ ಅರ್ಜಿ ಕೊಡುವುದು, ವಕೀಲರನ್ನು ನೇಮಿಸುವುದು ಇಂಥದ್ದಕ್ಕೆಲ್ಲ ನೋಟರಿ ಮುಂದೆ ಮಾಡಿದ ಅಧಿಕಾರ ಪತ್ರ ಸಾಮಾನ್ಯವಾಗಿ ನಡೆಯುತ್ತದೆ. ನೋಟರಿ ದೃಢೀಕರಿಸಿದ ಅಧಿಕಾರ ಪತ್ರ ಸರಿಯಾಗಿಯೇ ಆಗಿದೆ ಎಂದು ನ್ಯಾಯಾಲಯ ಮೊದಲಿಗೆ ಭಾವಿಸಿಕೊಳ್ಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹೀಗೇ ಇದೆ.

ತೊಡಕು ಬರುವುದು ನೋಂದಣಿಯ ವಿಷಯದಲ್ಲಿ. ನೀವು ಸಹಿ ಹಾಕಿದ ಪತ್ರವನ್ನು ನಿಮ್ಮ ಪರವಾಗಿ ಊರಿನ ಸಬ್ ರಿಜಿಸ್ಟ್ರಾರ್ ಮುಂದೆ ನಿಮ್ಮ ತಮ್ಮ ಹಾಜರುಪಡಿಸಬೇಕು ಎಂದುಕೊಳ್ಳಿ. ಅದಕ್ಕೆ ಬೇಕಾದ ಅಧಿಕಾರ ಪತ್ರ ಹೇಗಿರಬೇಕು ಎಂದು ನೋಂದಣಿ ಕಾಯ್ದೆಯ 33ನೇ ಕಲಮು ಹೇಳುತ್ತದೆ. ಭಾರತದಲ್ಲಿ ವಾಸಿಸುವವರು ತಾವು ವಾಸಿಸುವ ಕಡೆಯ ಸಬ್ ರಿಜಿಸ್ಟ್ರಾರ್ ಮುಂದೆ ಅದನ್ನು ಬರೆದುಕೊಟ್ಟು ಅವರಿಂದಲೇ ದೃಢೀಕರಿಸಿಕೊಂಡಿರಬೇಕು. ಡೊಂಬಿವಿಲಿಯಲ್ಲಿದ್ದರೆ ಅಲ್ಲಿನ ಕಚೇರಿ, ಚೆನ್ನೈಯಲ್ಲಿದ್ದರೆ ಅಲ್ಲಿನ ಕಚೇರಿ. ನೋಟರಿ ಸಾಲದು. ತಮಾಷೆ ಎಂದರೆ ಅಮೆರಿಕದಲ್ಲೋ ದುಬೈಯಲ್ಲೋ ಇರುವ ನಿಮ್ಮ ಮಗನಿಗೆ ನೋಟರಿ ಸಾಕು, ಇಲ್ಲವೇ ನಮ್ಮ ದೂತಾವಾಸದ ಕಾನ್ಸಲ್ ಸಾಕು. ದಾದರಿನಲ್ಲಿರುವ ನಿಮಗೆ ಸಾಲದು! ಬಹಳ ಜನ ಇದನ್ನು ತಿಳಿಯದೆ ನೋಟರಿ ಮಾಡಿಸಿ ಕಳಿಸುತ್ತಾರೆ, ಊರಿನ ಕಚೇರಿಯಲ್ಲಿ ಕಾಗದ ವಾಪಸ್ ಬರುತ್ತದೆ, ಅಷ್ಟರಲ್ಲಿ ಕೊಳ್ಳುವವರು ಕೊಟ್ಟ ಗಡುವು ಮುಗಿದಿರುತ್ತದೆ.

ಮಾರಾಟ, ದಾನ, ಪಾಲು ಇಂಥ ಮಾತು ಬಂದರೆ ಮೊದಲೇ ನಿಮ್ಮ ನಗರದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿಬಿಡಿ. ಹಾಸಿಗೆ ಹಿಡಿದವರಾದರೆ ಅಧಿಕಾರಿಯೇ ಮನೆಗೆ ಬಂದು ಸಹಿ ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ, ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು ಅಷ್ಟೇ.

ಇನ್ನೊಂದು ಖರ್ಚಿನ ಮಾತು. ಛಾಪಾ ಕಾಗದದ ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬೇರೆ ರಾಜ್ಯದ ಛಾಪಾ ಕಾಗದದ ಮೇಲೆ ಬರೆದ ಪತ್ರ ಕರ್ನಾಟಕದಲ್ಲಿ ಬಳಕೆಯಾಗಬೇಕಾದರೆ, ಕರ್ನಾಟಕದ ದರ ಹೆಚ್ಚಿದ್ದಲ್ಲಿ ವ್ಯತ್ಯಾಸದ ಮುದ್ರಾಂಕ ಶುಲ್ಕ ಕಟ್ಟಬೇಕಾಗುತ್ತದೆ. ಕಾಗದ ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಇದನ್ನು ಮುಗಿಸಿಕೊಳ್ಳಬೇಕು. ಮನೆಯವರಲ್ಲದವರಿಗೆ ಮಾರುವ ಅಧಿಕಾರ ಕೊಟ್ಟರಂತೂ ಶುಲ್ಕ ಬಹಳ ಹೆಚ್ಚು. ಹೀಗೆ ಹೆಚ್ಚಿಟ್ಟದ್ದಕ್ಕೆ ಕಾರಣವೂ ಇದೆ, ಅದಕ್ಕೆ ಮುಂದೆ ಬರುತ್ತೇವೆ.

ಅಧಿಕಾರ ಪತ್ರ ಕೊಡುವಾಗ ಏನೇನು ಅಧಿಕಾರ ಎಂದು ಎಣಿಸಿ ಬರೆಯಿರಿ. "ಸಕಲ ಅಧಿಕಾರ" ಎಂದು ಟೈಪಿಸ್ಟ್ ಹತ್ತಿರ ಸಿದ್ಧವಿರುವ ನಮೂನೆಗೆ ಹೆಸರು ತುಂಬಿಸಿ ಕಳಿಸಬೇಡಿ. ಪೌತಿ ಖಾತೆ ಮಾಡಿಸಲು ಬೇಕಾದ ಪತ್ರದಲ್ಲಿ ಮಾರುವ, ಒತ್ತೆ ಇಡುವ, ಸಾಲ ಎತ್ತುವ ಅಧಿಕಾರ ಯಾಕೆ ಬೇಕು? ಕೇಳಲು ಸಂಕೋಚವಾಗುತ್ತದೆ, ನಿಜ. ಸ್ವಂತ ಅಣ್ಣನ ಮೇಲೆ ಅನುಮಾನವೇ ಎಂದು ಅತ್ತಿಗೆ ಬೇಸರ ಮಾಡಿಕೊಳ್ಳಬಹುದು. "ವಕೀಲರು ಹೀಗೇ ಬರೆಯಬೇಕು ಅಂದರು" ಎಂದುಬಿಡಿ. ವಕೀಲರು ಇರುವುದು ಇಂಥ ಸಮಯಕ್ಕೂ ಹೌದು.

ಅತಿ ಮುಖ್ಯವಾದದ್ದೊಂದು. ಅಧಿಕಾರ ಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಸಾಮಾನ್ಯ ಅಧಿಕಾರ ಪತ್ರದ ಆಯುಸ್ಸೂ ಮುಗಿಯುತ್ತದೆ. ಅವರ ಬುದ್ಧಿ ಸ್ವಾಧೀನ ತಪ್ಪಿದರೂ ಅಷ್ಟೇ. ಮರೆವಿನ ಕಾಯಿಲೆ ಬಂದ ಅಮ್ಮನ ಹಳೆಯ ಅಧಿಕಾರ ಪತ್ರ ಇಟ್ಟುಕೊಂಡು ಆಸ್ತಿ ಮಾರಲು ಹೊರಟರೆ ಆ ಮಾರಾಟ ಮುಂದೆ ಕೋರ್ಟಿನಲ್ಲಿ ಉಳಿಯುವುದು ಕಷ್ಟ. ಕಾಯಿಲೆ ಬಲಿತ ಮೇಲೆ ಹೊಸದಾಗಿ ಹೆಬ್ಬೆಟ್ಟು ಒತ್ತಿಸುವುದು ಇನ್ನೂ ಕೆಟ್ಟದ್ದು. ಅಂಥಲ್ಲಿ ನ್ಯಾಯಾಲಯದಿಂದ ಪಾಲಕರ ನೇಮಕ ಮಾಡಿಸಿಕೊಳ್ಳುವುದೊಂದೇ ದಾರಿ. ಕೊಟ್ಟ ಅಧಿಕಾರವನ್ನು ಬದುಕಿರುವಾಗ ಹಿಂತೆಗೆದುಕೊಳ್ಳುವುದಾದರೆ ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು; ರದ್ದತಿ ಪತ್ರ ಮಾಡಿ, ಅಧಿಕಾರ ಪಡೆದವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ತಿಳಿಸಿ, ಮೂಲ ಪತ್ರ ನೋಂದಣಿಯಾಗಿದ್ದರೆ ರದ್ದತಿಯನ್ನೂ ನೋಂದಣಿ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ.

ಜಿಪಿಎ ಮೇಲೆ ಕೊಂಡ ಸೈಟು

ಬೆಂಗಳೂರಿನ ಸುತ್ತಮುತ್ತ ಕಂದಾಯ ಭೂಮಿಯಲ್ಲಿ ಮಾಡಿದ ಸೈಟುಗಳನ್ನು ವರ್ಷಗಟ್ಟಲೆ ಮಾರಿದ ರೀತಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಕ್ರಯಪತ್ರ ಇಲ್ಲ. ಅದರ ಬದಲು ಒಂದು ಕರಾರು, ಒಂದು ಜಿಪಿಎ, ಒಂದು ಅಫಿಡವಿಟ್, ಮೂರರ ಮೇಲೂ ನೋಟರಿ ಮೊಹರು. "ಆಮೇಲೆ ರಿಜಿಸ್ಟರ್ ಮಾಡಿಕೊಡ್ತೀವಿ ಸಾರ್" ಎಂಬ ಭರವಸೆ. ದೆಹಲಿಯ ಕೇಳುಗರಿಗೂ ಇದು ಚಿರಪರಿಚಿತ. ಅಲ್ಲಿ ಇಡೀ ಬಡಾವಣೆಗಳೇ ಹೀಗೆ ಕೈ ಬದಲಾಗಿವೆ.

2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಜಿಪಿಎ, ಕರಾರು, ಉಯಿಲು ಇವುಗಳ ಮೂಲಕ ನಡೆಸುವ 'ಮಾರಾಟ' ಮಾರಾಟವೇ ಅಲ್ಲ, ಅದರಿಂದ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರದಿಂದ ಮಾತ್ರ ಬರುತ್ತದೆ. ನಿಜವಾದ ಅಧಿಕಾರ ಪತ್ರಗಳಿಗೆ, ಅಂದರೆ ನೀವು ತಮ್ಮನಿಗೋ ಮಗನಿಗೋ ಕೊಟ್ಟ ಪತ್ರದ ಮೇಲೆ ಅವರು ಮಾಡುವ ವ್ಯವಹಾರಗಳಿಗೆ ಇದರಿಂದ ಬಾಧೆ ಇಲ್ಲ ಎಂದೂ ಅದೇ ತೀರ್ಪು ಹೇಳಿದೆ. ಹೊರಗಿನವರಿಗೆ ಕೊಡುವ ಜಿಪಿಎ ಮೇಲೆ ಶುಲ್ಕ ಏರಿಸಿದ್ದರ ಕಾರಣವೂ ಇದೇ: ಮಾರಾಟವನ್ನು ಅಧಿಕಾರ ಪತ್ರದ ವೇಷದಲ್ಲಿ ನಡೆಸಬಾರದು ಎಂದು.

ಇಂಥ ಸೈಟು ನಿಮ್ಮ ಬೀರುವಿನಲ್ಲಿ ಕಾಗದದ ರೂಪದಲ್ಲಿ ಮಲಗಿದ್ದರೆ, ಮಾರಿದವರು ಬದುಕಿರುವಾಗಲೇ ಹುಡುಕಿ ಹಿಡಿದು ಕ್ರಯಪತ್ರ ಮಾಡಿಸಿಕೊಳ್ಳಲು ಸಾಧ್ಯವೇ ಎಂದು ವಕೀಲರನ್ನು ಕೇಳಿ. ಅವರು ತೀರಿಕೊಂಡರೆ ಜಿಪಿಎಯೂ ಕಗ್ಗಂಟಾಗುತ್ತದೆ, ಅವರ ಮಕ್ಕಳು ನಿಮ್ಮನ್ನು ಗುರುತಿಸುವರೆಂಬ ಭರವಸೆಯೂ ಇಲ್ಲ. ಹೊಸದಾಗಿ ಕೊಳ್ಳುವವರಾದರೆ ಮುಂಗಡ ಕೊಡುವ ಮೊದಲೇ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ತೆಗೆಸಿ ನೋಡಿ. ನೋಂದಣಿಯಾದ ವ್ಯವಹಾರ ಅದರಲ್ಲಿ ಕಾಣುತ್ತದೆ. ನೋಟರಿ ಮುಂದೆ ಮಾತ್ರ ಆದದ್ದು ಕಾಣುವುದೇ ಇಲ್ಲ. ಒಂದೇ ಸೈಟನ್ನು ಮೂವರಿಗೆ ನೋಟರಿ ಕರಾರಿನಲ್ಲಿ ಮಾರಿದರೆ ಮೂವರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿಯುವ ದಾರಿಯಿಲ್ಲ.

ಅಕ್ಕತಂಗಿಯರ ಸಹಿ

ಮದುವೆಯಾಗಿ ಪುಣೆಗೋ ಸಿಕಂದರಾಬಾದಿಗೋ ಬಂದು ನೆಲೆಸಿದ ಸೋದರಿಯರು ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಹುಟ್ಟಿನಿಂದಲೇ. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವೂ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಿಂದ ಬಗೆಹರಿಯಿತು: ಬದುಕಿರಲೇಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿಹೋಗಿದ್ದರೆ ಅದನ್ನು ಮುಟ್ಟುವಂತಿಲ್ಲ.

ಈಗ ಊರಿನಿಂದ ಬರುವ ಕಾಗದ ನೋಡಿ. ಮೇಲೆ 'ಒಪ್ಪಿಗೆ ಪತ್ರ' ಎಂದೋ 'ಅಫಿಡವಿಟ್' ಎಂದೋ ಇರುತ್ತದೆ. "ನನ್ನ ಮದುವೆಗೆ ಬೇಕಾದಷ್ಟು ಖರ್ಚು ಮಾಡಿರುತ್ತಾರೆ, ಸದರಿ ಆಸ್ತಿಯಲ್ಲಿ ನನಗೆ ಯಾವ ಹಕ್ಕೂ ಇರುವುದಿಲ್ಲ, ಅಣ್ಣಂದಿರ ಹೆಸರಿಗೆ ಖಾತೆಯಾಗಲು ನನ್ನ ತಕರಾರಿಲ್ಲ." ಕೆಳಗೆ ಸಹಿಗೆ ಜಾಗ. ನೋಟರಿ ಮೊಹರು ಬಿದ್ದಮಾತ್ರಕ್ಕೆ ನಿಮ್ಮ ಹಕ್ಕು ಹೋಗುತ್ತದೆಯೇ? ಹಕ್ಕು ಬಿಡಲು ನೋಂದಾಯಿತ ಖುಲಾಸೆ ಪತ್ರ ಬೇಕು, ಆದ್ದರಿಂದ ಕಾನೂನಿನ ಮಟ್ಟಿಗೆ ಹೋಗುವುದಿಲ್ಲ. ಆದರೆ ನಿಶ್ಚಿಂತೆಯಿಂದ ಸಹಿ ಹಾಕಬೇಡಿ. ಅದೇ ಕಾಗದ ತೋರಿಸಿ ಖಾತೆ ಬದಲಾಗಬಹುದು, ಖಾತೆ ತೋರಿಸಿ ಜಮೀನು ಮೂರನೆಯವರಿಗೆ ಮಾರಾಟವಾಗಬಹುದು. ಹಕ್ಕು ನಿಮ್ಮದೇ ಎಂದು ಸಾಧಿಸಲು ಆಮೇಲೆ ನೀವು ಊರಿನ ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕು, ಎದುರು ಪಕ್ಷದ ವಕೀಲರು ನಿಮ್ಮದೇ ಸಹಿ ತೋರಿಸುತ್ತಾರೆ.

ಅಣ್ಣತಮ್ಮಂದಿರಿಗೂ ಒಂದು ಮಾತು. ತಂಗಿ ಮನಸಾರೆ ಬಿಟ್ಟುಕೊಡುತ್ತಿದ್ದರೂ ನೋಟರಿ ಕಾಗದವನ್ನು ನಂಬಿ ಕೂರಬೇಡಿ. ಇಪ್ಪತ್ತು ವರ್ಷದ ನಂತರ ಅವಳ ಮಕ್ಕಳು ಪಾಲಿನ ದಾವೆ ಹೂಡಿದರೆ ಆ ಕಾಗದ ನಿಮ್ಮನ್ನು ಕಾಯುವುದಿಲ್ಲ. ಬಿಟ್ಟುಕೊಡುವುದಾದರೂ, ಬದಲಿಗೆ ಹಣ ಕೊಡುವುದಾದರೂ, ಎಲ್ಲರೂ ಒಂದು ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸೇರಿ ಮುಗಿಸಿ. ಬಾಯಿಮಾತಿನ ಪಾಲಿನ ವಿಷಯದಲ್ಲೂ ನ್ಯಾಯಾಲಯಗಳು ಈಗ ಬಿಗಿಯಾಗಿವೆ. ಹಿರಿಯರ ಮುಂದೆ ಹಿಂದೆಯೇ ಆಗಿಹೋದ ಕುಟುಂಬದ ಒಪ್ಪಂದವನ್ನು ನೆನಪಿಗೆಂದು ಬರೆದಿಟ್ಟ ಪತ್ರಕ್ಕೆ ನೋಂದಣಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 1976ರಲ್ಲಿ ಹೇಳಿದ್ದುಂಟು. ಆದರೆ ನಿಮ್ಮ ಪತ್ರ 'ಹಿಂದೆ ಆಗಿಹೋದದ್ದರ' ನೆನಪೋ, 'ಈಗ ಆಗುತ್ತಿರುವ' ಪಾಲೋ ಎಂಬುದೇ ದೊಡ್ಡ ವ್ಯಾಜ್ಯವಾಗುತ್ತದೆ.

ಹಿರಿಯರು ತೀರಿಕೊಂಡ ಮೇಲೆ

ಇಲ್ಲಿ ನೋಟರಿ ನಿಜವಾಗಿಯೂ ಕೆಲಸಕ್ಕೆ ಬರುತ್ತಾರೆ. ತಂದೆ ತೀರಿಕೊಂಡಾಗ ಜಮೀನು ವಾರಸುದಾರರ ಹೆಸರಿಗೆ ಬರಲು ಪೌತಿ ಖಾತೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಕುಟುಂಬದ ಎಲ್ಲರ ಹೆಸರೂ ಬರೆದ ಅಫಿಡವಿಟ್ ಅನ್ನು ನೋಟರಿ ಮಾಡಿಸಿ ಲಗತ್ತಿಸುವುದು ವಾಡಿಕೆ. ಇದರಲ್ಲಿ ಯಾರ ಹೆಸರನ್ನೂ ಬಿಡಬೇಡಿ. ಮದುವೆಯಾಗಿ ಹೋದ ಅಕ್ಕ, ತೀರಿಕೊಂಡ ಅಣ್ಣನ ಹೆಂಡತಿ ಮಕ್ಕಳು, ಎಲ್ಲರೂ ಇರಬೇಕು. ಸುಳ್ಳು ಪ್ರಮಾಣ ಮಾಡಿದರೆ ಅದು ಶಿಕ್ಷೆಗೆ ಗುರಿಯಾಗುವ ಅಪರಾಧ. "ಎಲ್ಲಾರೂ ಹೀಗೇ ಮಾಡ್ತಾರೆ" ಎಂಬುದು ಕೋರ್ಟಿನಲ್ಲಿ ಉತ್ತರವಾಗುವುದಿಲ್ಲ.

ಬ್ಯಾಂಕು, ಸೊಸೈಟಿ, ವಿಮೆ ಕಚೇರಿಗಳೂ ಹಣ ಬಿಡುವ ಮುನ್ನ ನೋಟರಿ ಮಾಡಿಸಿದ ಅಫಿಡವಿಟ್, ನಷ್ಟಭರ್ತಿ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಇವನ್ನು ಕೇಳುತ್ತವೆ. ನೀವು ದೆಹಲಿಯಲ್ಲಿದ್ದು ಠೇವಣಿ ದಾವಣಗೆರೆಯಲ್ಲಿದ್ದರೆ ದೆಹಲಿಯಲ್ಲೇ ನೋಟರಿ ಮಾಡಿಸಿ ಕಳಿಸಬಹುದು. ಆ ಬ್ಯಾಂಕಿನ ನಮೂನೆಯನ್ನೇ ತರಿಸಿಕೊಂಡರೆ ಎರಡು ಸಲ ಓಡಾಡುವುದು ತಪ್ಪುತ್ತದೆ. ಅಂದ ಹಾಗೆ ನಾಮಿನಿ ಎಂದರೆ ಮಾಲೀಕರಲ್ಲ. ಹಣ ಅಥವಾ ಷೇರು ಪಡೆದುಕೊಳ್ಳಲು ಅವರಿಗೆ ಅಧಿಕಾರವಿದೆ, ವಾರಸುದಾರರ ಹಕ್ಕು ಹಾಗೇ ಉಳಿಯುತ್ತದೆ. ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು.

ಇನ್ನು ಹೆಸರಿನ ಗೋಳು. ಇದು ಪರವೂರಿನ ಕನ್ನಡಿಗರಿಗೇ ಮೀಸಲಾದ ಗೋಳು ಎನ್ನಬಹುದು. ಉದಾಹರಣೆಗೆ ಊರಿನ ಪಹಣಿಯಲ್ಲಿ 'ಮಲ್ಲಪ್ಪ ಬಿನ್ ಬಸಪ್ಪ' ಎಂದಿರುವವರು ಮುಂಬಯಿಯ ಆಧಾರ್ ಕಾರ್ಡಿನಲ್ಲಿ 'ಮಲ್ಲಪ್ಪ ಬಸಪ್ಪ ಹೊಸಮನಿ'. ಅವರೇ ಚೆನ್ನೈಗೆ ಹೋಗಿದ್ದರೆ 'ಬಿ. ಮಲ್ಲಪ್ಪ'. ಹೈದರಾಬಾದಿನಲ್ಲಿ 'ಹೊಸಮನಿ ಮಲ್ಲಪ್ಪ'. ಹೆಂಗಸರದ್ದು ಇನ್ನೂ ಪಜೀತಿ: ತವರಿನ ಹೆಸರು ಒಂದು, 'ಕೋಂ' ಸೇರಿಸಿದ ಗಂಡನ ಮನೆಯ ದಾಖಲೆಯ ಹೆಸರು ಇನ್ನೊಂದು, ಮಹಾರಾಷ್ಟ್ರದಲ್ಲಿ ಮದುವೆಯಲ್ಲಿ ಬದಲಿಸಿದ್ದರೆ ಮೂರನೆಯದು. ಈ ಎಲ್ಲ ಹೆಸರೂ ಒಬ್ಬರದೇ ಎಂದು ಹೇಳುವ ಅಫಿಡವಿಟ್ ಅನ್ನು ನೋಟರಿ ಮುಂದೆ ಮಾಡಿಸಿ ಇಟ್ಟುಕೊಳ್ಳಿ. ಯಾವ ದಾಖಲೆಯಲ್ಲಿ ಯಾವ ಹೆಸರಿದೆ ಎಂದು ದಾಖಲೆಯ ನಂಬರಿನ ಸಮೇತ ಬರೆದಿರಬೇಕು. ಅಪ್ಪ ಅಮ್ಮ ಬದುಕಿರುವಾಗಲೇ ಅವರ ಹೆಸರಿನ ಬಗ್ಗೆ ಅವರಿಂದಲೇ ಮಾಡಿಸಿದರೆ ಎಷ್ಟೋ ಅನುಕೂಲ. ಅವರು ಹೋದ ಮೇಲೆ ಅವರ ಪರವಾಗಿ ನೀವು ಹೇಳುವುದಕ್ಕೆ ಅಷ್ಟು ತೂಕವಿರುವುದಿಲ್ಲ. ಅಫಿಡವಿಟ್‌ನಿಂದಲೇ ಪಹಣಿ ತಾನಾಗಿ ತಿದ್ದಿಕೊಳ್ಳುವುದಿಲ್ಲ, ತಿದ್ದುವವರು ತಹಶೀಲ್ದಾರ್ ಕಚೇರಿಯವರೇ. ಆದರೆ ಅವರ ಮುಂದೆ ಹೋಗಲು ಇದು ಕೈಯಲ್ಲಿರಬೇಕು.

ಉಯಿಲಿಗೆ ನೋಟರಿ ಬೇಕೇ?

ಬೇಡ. ಕೇಳಿದರೆ ಆಶ್ಚರ್ಯವಾಗುತ್ತದೆ. ಮರಣಶಾಸನ, ಉಯಿಲು, ಮೃತ್ಯುಪತ್ರ ಏನೇ ಕರೆಯಿರಿ, ಅದಕ್ಕೆ ಛಾಪಾ ಕಾಗದವೂ ಬೇಡ, ನೋಟರಿಯೂ ಬೇಡ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆದರೂ ಸರಿ. ಬೇಕಾದದ್ದು ನಿಮ್ಮ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ. ಆ ಇಬ್ಬರೂ ನೀವು ಸಹಿ ಹಾಕುವುದನ್ನು ನೋಡಿರಬೇಕು, ಅಥವಾ ಇದು ನನ್ನ ಸಹಿ ಎಂದು ನೀವು ಹೇಳಿದ್ದನ್ನು ಕೇಳಿರಬೇಕು, ಮತ್ತು ನಿಮ್ಮ ಎದುರು ತಾವು ಸಹಿ ಹಾಕಿರಬೇಕು. ಇವರಿಲ್ಲದೆ ನೋಟರಿ ಮೊಹರು ಮಾತ್ರ ಇದ್ದರೆ ಆ ಉಯಿಲು ನಿಲ್ಲದು. ನೋಟರಿಯ ಮೊಹರಿದೆಯಲ್ಲ ಎಂದು ಒಬ್ಬನೇ ಸಾಕ್ಷಿಗೆ ಸುಮ್ಮನಾಗುವುದು ಬಹಳ ದುಬಾರಿ ಬೀಳುತ್ತದೆ.

ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ಆಸ್ತಿ ಪಡೆಯುವವರಲ್ಲದವರಿರಲಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಒಳ್ಳೆಯದು. ಬರೆದ ಎಷ್ಟು ವರ್ಷಕ್ಕಾದರೂ ಮಾಡಿಸಬಹುದು. ಲಕೋಟೆಯಲ್ಲಿ ಮುಚ್ಚಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡುವ ಸೌಲಭ್ಯವೂ ಇದೆ, ಮನೆಯವರಿಗೆ ಈಗಲೇ ತಿಳಿಯುವುದು ಬೇಡ ಎನ್ನುವವರಿಗೆ ಅನುಕೂಲ. ಮುಂಬಯಿ, ಚೆನ್ನೈ ಕೇಳುಗರಿಗೊಂದು ಸುದ್ದಿ: ಈ ನಗರಗಳಲ್ಲಿ ಮಾಡಿದ ಅಥವಾ ಅಲ್ಲಿನ ಸ್ಥಿರಾಸ್ತಿಗೆ ಸೇರಿದ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಪಡೆಯಲೇಬೇಕೆಂಬ ಹಳೆಯ ನಿಯಮವನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ಈಗಾಗಲೇ ಕೋರ್ಟಿನಲ್ಲಿರುವ ಹಳೆಯ ಪ್ರಕರಣವಿದ್ದರೆ ನಿಮ್ಮ ವಕೀಲರನ್ನು ಕೇಳಿಕೊಳ್ಳಿ.

ಮದುವೆ, ವಿಚ್ಛೇದನ, ಬಾಡಿಗೆ

ಇವನ್ನು ಬೇಗ ಮುಗಿಸೋಣ. ನೋಟರಿ ಮುಂದೆ ಮದುವೆ ಆಗುವುದಿಲ್ಲ, ವಿಚ್ಛೇದನವೂ ಆಗುವುದಿಲ್ಲ. ನೋಟರಿಗಳು ವಿವಾಹಾಧಿಕಾರಿಗಳಲ್ಲ, ಇಂಥ ಪತ್ರಗಳನ್ನು ಮಾಡಿಕೊಡಕೂಡದು ಎಂದು ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಎಚ್ಚರಿಸಿದೆ. "ನೋಟರಿ ಡೈವೋರ್ಸ್ ಆಗಿದೆ" ಎಂದು ಹೇಳಿಕೊಂಡು ಸಂಬಂಧ ಕೇಳಲು ಬಂದರೆ ಕೋರ್ಟಿನ ಡಿಕ್ರಿ ಕೇಳಿ ನೋಡಿ. ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಮನೆ ಬಾಡಿಗೆಗೆ ಹನ್ನೊಂದು ತಿಂಗಳ ಕರಾರು ಮಾಡುವುದು ಒಂದು ವರ್ಷ ಮೀರಿದರೆ ನೋಂದಣಿ ಬೇಕಾಗುತ್ತದೆ ಎಂಬುದಕ್ಕೆ. ಮಹಾರಾಷ್ಟ್ರದಲ್ಲಿ ಈ ಉಪಾಯ ನಡೆಯದು; 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಲೀವ್ ಅಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳದ್ದಿರಲಿ ನೋಂದಣಿಯಾಗಬೇಕು, ಮಾಡಿಸುವ ಹೊಣೆ ಮನೆ ಮಾಲೀಕರದ್ದು.

ನೋಟರಿಯ ಮೇಜಿನ ಮುಂದೆ

ಸಹಿ ಹಾಕುವವರು ನೋಟರಿ ಎದುರು ಖುದ್ದಾಗಿ ಇರಲೇಬೇಕು. ಮನೆಯಲ್ಲಿ ಸಹಿ ಹಾಕಿ ಇನ್ನೊಬ್ಬರ ಕೈಲಿ ಕೊಟ್ಟು ಕಳಿಸಿ ಮೊಹರು ಒತ್ತಿಸಿಕೊಂಡು ಬರುವ ಪದ್ಧತಿ ಕೆಲವೆಡೆ ನಡೆಯುತ್ತದೆ; ಅಂಥ ಕಾಗದ ಕೋರ್ಟಿಗೆ ಹೋದ ದಿನ ಬಯಲಾಗುತ್ತದೆ. ನಡೆಯಲಾಗದ ಹಿರಿಯರಿದ್ದರೆ ನೋಟರಿಯನ್ನೇ ಮನೆಗೆ ಕರೆಸಿ. ಗುರುತಿನ ಚೀಟಿಯ ಮೂಲ ಪ್ರತಿ ಒಯ್ಯಿರಿ. ಶುಲ್ಕ ಎಷ್ಟು ಎಂದು ನಿಯಮದಲ್ಲಿ ನಿಗದಿಯಾಗಿದೆ, ಆ ದರಪಟ್ಟಿಯನ್ನು ಕಚೇರಿಯಲ್ಲಿ ಕಾಣುವಂತೆ ಹಾಕಿರಬೇಕು. ರಸೀದಿ ಕೇಳಿ.

ಮೊಹರು ದುಂಡಗೆ, ಐದು ಸೆಂಟಿಮೀಟರ್ ಅಗಲ ಇರುತ್ತದೆ. ಅದರಲ್ಲಿ ನೋಟರಿಯ ಹೆಸರು, ಪ್ರದೇಶ, ನೋಂದಣಿ ಸಂಖ್ಯೆ, ನೇಮಿಸಿದ ಸರಕಾರದ ಹೆಸರು ಓದುವಂತಿರಬೇಕು. ನೋಟರಿ ಒಂದು ರಿಜಿಸ್ಟರ್ ಪುಸ್ತಕ ಇಟ್ಟಿರುತ್ತಾರೆ, ಅದರಲ್ಲಿ ನಿಮ್ಮ ವಿವರ ಬರೆದು ಸಹಿ ಪಡೆಯಬೇಕು. ಆ ಪುಸ್ತಕದ ಕ್ರಮಸಂಖ್ಯೆ ನಿಮ್ಮ ಕಾಗದದ ಮೇಲೂ ಇರಬೇಕು. ಇದನ್ನು ತಪ್ಪದೆ ನೋಡಿಕೊಳ್ಳಿ, ಏಕೆಂದರೆ ಮುಂದೆ ಯಾರಾದರೂ ಸಹಿಯೇ ಸುಳ್ಳು ಎಂದರೆ ಆ ಪುಸ್ತಕವೇ ಸಾಕ್ಷಿ.

ಕೊನೆಯದಾಗಿ ಭಾಷೆ. ಕಾಗದ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಇರುತ್ತದೆ, ಸಹಿ ಹಾಕುವ ಅಮ್ಮನಿಗೆ ಬರುವುದು ಕನ್ನಡ ಮಾತ್ರ. ಅಂಥವರಿಗೆ ಕಾಗದವನ್ನು ಅವರ ಭಾಷೆಯಲ್ಲಿ ಓದಿ ವಿವರಿಸಿ, ವಿವರಿಸಿದ್ದೇವೆ ಎಂದು ಕಾಗದದ ಕೊನೆಯಲ್ಲಿ ಬರೆಯಬೇಕು. ವಿವರಿಸಿದವರ ಹೆಸರು, ಸಹಿಯೂ ಇರಲಿ. ಆ ವಿವರಿಸುವವರು ಆಸ್ತಿ ಪಡೆಯುವ ಮಗನೇ ಆಗಿರದಿದ್ದರೆ ಮೇಲು. ನೆರೆಯ ಕನ್ನಡಿಗರೊಬ್ಬರನ್ನು, ಕನ್ನಡ ಸಂಘದ ಪರಿಚಯದವರನ್ನು ಕರೆದುಕೊಂಡು ಹೋಗಬಹುದು. ಪ್ರತಿ ಪುಟಕ್ಕೂ ಸಹಿ ಹಾಕಿಸಿ. ಖಾಲಿ ಬಿಟ್ಟ ಜಾಗಕ್ಕೆ ಗೆರೆ ಎಳೆಸಿ. "ಆಮೇಲೆ ತುಂಬಿಕೊಳ್ತೀವಿ" ಎಂದು ಯಾರೇ ಹೇಳಿದರೂ, ಸರ್ವೆ ನಂಬರು ತುಂಬುವ ತನಕ ಪೆನ್ನಿನ ಕ್ಯಾಪ್ ತೆಗೆಯಬೇಡಿ. ಮೊಹರು ಬಿದ್ದ ಮೇಲೆ ಎಲ್ಲ ಪುಟಗಳ ಫೋಟೋ ತೆಗೆದಿಟ್ಟುಕೊಂಡು, ಆಮೇಲೆ ಕೊರಿಯರ್‌ಗೆ ಕೊಡಿ.